ಮಣಿನಗರದ ತಾರಸಿಗೆ ಮಳೆಗಾಲದ ಅಂಗಿ

ಮೇ ತಿಂಗಳ ಕೊನೆ. ಬೆಳಗಿನ ಆರೂವರೆಗೇ ಅಹಮದಾಬಾದಿನ ಮಣಿನಗರದ ಹಳೆಯ ವಸತಿ ಸೊಸೈಟಿಯೊಂದರ ತಾರಸಿಯಲ್ಲಿ ನೀರು ತಡೆಯುವ ಲೇಪದ ಕೆಲಸ ಶುರುವಾಗಿದೆ. ಕಾಂಕರಿಯಾ ಕೆರೆಯ ಕಡೆಯಿಂದ ಬೀಸುವ ಗಾಳಿಯಲ್ಲಿ ಇನ್ನೂ ತಂಪಿದೆ. ಹತ್ತು ಗಂಟೆಯಾದರೆ ಬರಿಗಾಲು ಇಡಲಾಗದು. ಕಾದ ಕಾಂಕ್ರೀಟಿಗೆ ಲೇಪ ಹಚ್ಚಿದರೆ ಒಳಗಿನ ಗಾಳಿ, ತೇವ ಹಿಗ್ಗಿ ಗುಳ್ಳೆ ಏಳುತ್ತವೆ. ಅದಕ್ಕೇ ಈ ಅವಸರ.

ಡಾಂಬರು ಕಾಯಿಸುವ ಡ್ರಮ್ಮಿಲ್ಲ, ಹಾಳೆ ಅಂಟಿಸುವ ಗ್ಯಾಸ್ ಬರ್ನರಿನ ಭೋರ್ಗರೆತವಿಲ್ಲ. ಡಬ್ಬದ ಮುಚ್ಚಳ ತೆಗೆದರೆ ದೋಸೆಹಿಟ್ಟಿನಷ್ಟು ಮಂದವಾದ ಬಿಳಿ ಪಾಲಿಯುರೆಥೇನ್. ಗಾಳಿಯ ತೇವ ಹೀರಿ ತಾನಾಗಿ ಗಟ್ಟಿಯಾಗಿ, ಎಲ್ಲೂ ಸೇರಿಕೆಯಿಲ್ಲದ, ಎಳೆದರೆ ಹಿಗ್ಗುವ ಹೊದಿಕೆಯಾಗುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗುವ ತಾರಸಿಗೆ ಬೇಕಾದ್ದು ಈ ಗುಣವೇ.

ಮೇಸ್ತ್ರಿ ಮಾತ್ರ ನಡುಜಾಗಕ್ಕೆ ಇನ್ನೂ ಕೈಹಾಕಿಲ್ಲ. ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ. ಮೂಲೆಯನ್ನು ಗಾರೆಯಿಂದ ಓರೆಯಾಗಿ ತುಂಬಿದ್ದು ಆಗಲೇ ಒಣಗಿದೆ. ಅದರ ಮೇಲೆ ಒಂದು ಪದರ ಲೇಪ, ಹಸಿ ಇರುವಾಗಲೇ ಫೈಬರ್ ಜಾಲರಿಯ ಪಟ್ಟಿ, ಬ್ರಷ್ಷಿನಿಂದ ಒತ್ತಿ ಒತ್ತಿ ಸುಕ್ಕು ತೆಗೆದು ಮತ್ತೊಂದು ಪದರ. ಮಳೆನೀರಿನ ಪೈಪಿನ ಬಾಯಿಗೂ ಇದೇ ಉಪಚಾರ. ತಾರಸಿ ಬಹುಪಾಲು ಸೋರುವುದು ಇಂಥ ಕಡೆಗಳಲ್ಲೇ. ಆಮೇಲೆ ರೋಲರ್ ಓಡುತ್ತದೆ. ಅಂಚಿನಲ್ಲಿ ಹಲ್ಲುಗಳಿರುವ ಪುಟ್ಟ ಲೋಹದ ಪಟ್ಟಿಯನ್ನು ಹಸಿ ಲೇಪಕ್ಕೆ ಚುಚ್ಚಿ, ಎಷ್ಟನೆಯ ಹಲ್ಲಿನವರೆಗೆ ಅಂಟಿತೆಂದು ನೋಡಿ ದಪ್ಪ ಲೆಕ್ಕ ಹಾಕುತ್ತಾನೆ. ಎರಡನೆಯ ಕೋಟು ನಾಳೆ, ಅಡ್ಡ ದಿಕ್ಕಿನಲ್ಲಿ.

ಹಪ್ಪಳದ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದ ಹೆಂಗಸಿಗೆ ಅಲ್ಲಿಂದಲೇ ಕೂಗುತ್ತಾನೆ: “ಬೆನ್ (ಅಕ್ಕಾ), ಇವತ್ತು ಬೇಡ!” ಆಕೆ ನಕ್ಕು ಹಿಂದಿರುಗುತ್ತಾಳೆ. ಇಲ್ಲಿಯ ತಾರಸಿ ಬರೀ ಛಾವಣಿಯಲ್ಲ. ಬೇಸಿಗೆಯಲ್ಲಿ ಹಾಸಿಗೆ, ಜನವರಿ 14ರ ಉತ್ತರಾಯಣಕ್ಕೆ ಊರಿಗೆ ಊರೇ ಗಾಳಿಪಟ ಹಿಡಿದು ನಿಲ್ಲುವ ಅಂಗಳ. ಅಷ್ಟು ತುಳಿತಕ್ಕೆ ತೆಳು ಲೇಪ ಬಾಳದು; ಮೇಲೆ ಹೆಂಚುಬಿಲ್ಲೆಯೋ ಒಡೆದ ಬಿಳಿ ಚೀನಾ ಮೊಸಾಯಿಕ್ಕೋ ಹಾಸಬೇಕು. ಇದೇ ಅಹಮದಾಬಾದಿನಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ತಮ್ಮ ಕಚೇರಿ ‘ಸಂಗತ್’ನ ಕಮಾನು ಮಾಡಿಗೆ ಹೊದಿಸಿದ್ದೂ ಅಂಥ ಬಿಳಿ ಚೂರುಗಳನ್ನೇ. ಚೂರು ಬಿಸಿಲನ್ನು ಹಿಂದಿರುಗಿಸುತ್ತದೆ, ನೀರನ್ನು ತಡೆಯಬೇಕಾದ್ದು ಅದರಡಿಯ ಪದರ.

2010ರ ಮೇ ತಿಂಗಳ ಭೀಕರ ಬಿಸಿಗಾಳಿಯ ನಂತರ, 2013ರಲ್ಲಿ ನಗರಪಾಲಿಕೆ ಶಾಖ ಎದುರಿಸುವ ಯೋಜನೆ ತಂದಿತು. ಮುಂದೆ ಬಡವರ ಮನೆಮಾಡುಗಳಿಗೆ ಬಿಸಿಲನ್ನು ಹಿಂದಿರುಗಿಸುವ ಬಿಳಿ ಬಣ್ಣವೂ ಬಂತು. ಒಳ್ಳೆಯ ಕೆಲಸ. ಆದರೆ ಬಿಳಿ ಬಳಿದದ್ದೆಲ್ಲ ನೀರು ತಡೆಯುತ್ತದೆಂದು ನಂಬಿ ಹಣ ಕಳೆದುಕೊಳ್ಳಬೇಡಿ.

ಅಹಮದಾಬಾದಿರಲಿ, ಬೆಂಗಳೂರಿರಲಿ, ಲೇಪ ಪೂರ್ತಿ ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ, ಒಂದೆರಡು ಅಂಗುಲ ನೀರು ಕಟ್ಟಿ 48 ಗಂಟೆ ಬಿಡಿ. ಕೆಳಗಿನ ಮನೆಯ ಸೂರು ಒಣಗಿದ್ದರೆ ಮಾತ್ರ ಕಂಟ್ರಾಕ್ಟರಿಗೆ ಕೊನೆಯ ಕಂತು ಕೊಡಿ.