ಇಪ್ಪತ್ತೈದು ದಿನದ ವಿಕಿರಣವೋ, ಹದಿನೈದು ದಿನದ್ದೋ?

ಸ್ತನ ಕ್ಯಾನ್ಸರಿಗಾಗಿ ಇಡೀ ಸ್ತನವನ್ನು ತೆಗೆದ ಮೇಲೂ ಎದೆಯ ಚರ್ಮದಡಿಯಲ್ಲೋ ಕಾಲರ್ ಮೂಳೆಯ ಆಸುಪಾಸಿನಲ್ಲೋ ಕಣ್ಣಿಗೆ ಕಾಣದ ಕ್ಯಾನ್ಸರ್ ಕೋಶಗಳು ಉಳಿದಿರಬಹುದಾದ್ದರಿಂದ, ಗಡ್ಡೆ ದೊಡ್ಡದಾಗಿದ್ದವರಿಗೆ ಮತ್ತು ವೈದ್ಯರು ಲಿಂಫ್ ನೋಡ್ ಎನ್ನುವ ಕಂಕುಳಿನ ದುಗ್ಧರಸ ಗ್ರಂಥಿಗಳಿಗೆ ರೋಗ ಹರಡಿದ್ದವರಿಗೆ ವಿಕಿರಣ ಚಿಕಿತ್ಸೆಯನ್ನು ಸೂಚಿಸಲಾಗುತ್ತದೆ. ಜನ ಇದನ್ನು ‘ಕರೆಂಟ್ ಕೊಡುವುದು’ ಎನ್ನುತ್ತಾರಾದರೂ ಇಲ್ಲಿ ಮೈಯೊಳಗೆ ವಿದ್ಯುತ್ ಹರಿಯುವುದಿಲ್ಲ. ಯಂತ್ರದಿಂದ ಹೊಮ್ಮುವ ಪ್ರಬಲ ಕ್ಷ-ಕಿರಣಗಳು ಕೋಶಗಳ ಡಿಎನ್‌ಎಯನ್ನು ತುಂಡರಿಸುತ್ತವೆ.

ದೇಹ ಹೀರಿಕೊಳ್ಳುವ ವಿಕಿರಣವನ್ನು ‘ಗ್ರೇ’ ಎಂಬ ಮಾನದಿಂದ ಅಳೆಯುತ್ತಾರೆ. ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, ಐದು ವಾರಗಳಲ್ಲಿ 25 ಬಾರಿ ಒಟ್ಟು 50 ಗ್ರೇ ಕೊಡುವುದು ದಶಕಗಳಿಂದ ನಡೆದುಬಂದ ಪದ್ಧತಿ. ಹೀಗೆ ಸಣ್ಣ ಸಣ್ಣ ಕಂತುಗಳಾಗಿ ಒಡೆಯುವುದಕ್ಕೆ ಕಾರಣವಿದೆ: ಎರಡು ಕಂತುಗಳ ನಡುವಿನ ಬಿಡುವಿನಲ್ಲಿ ಆರೋಗ್ಯವಂತ ಕೋಶಗಳು ತಮ್ಮ ಹಾನಿಯನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತವೆ, ಆದರೆ ಕಂತು ದೊಡ್ಡದಾದಷ್ಟೂ ವರ್ಷಗಳ ನಂತರ ಚರ್ಮ ಗಡುಸಾಗುವ, ತೋಳಿನ ನರಗಳು ಕುಗ್ಗುವ ಅಪಾಯ ಏರುತ್ತದೆ. ಹಿಂದೆ ಕಂತನ್ನು ಹಿಗ್ಗಿಸಿ, ಒಟ್ಟು ಪ್ರಮಾಣವನ್ನು ಸಾಕಷ್ಟು ಇಳಿಸದೆ ಹೋದ ಕಡೆಗಳಲ್ಲಿ ಇಂತಹ ತೊಂದರೆಗಳು ಕಂಡುಬಂದವು. ವೈದ್ಯರ ಅಂಜಿಕೆಯ ಮೂಲ ಅದು. ಬಹುಪಾಲು ಕ್ಯಾನ್ಸರುಗಳಿಗಿಂತ ಭಿನ್ನವಾಗಿ ಸ್ತನ ಕ್ಯಾನ್ಸರಿನ ಕೋಶಗಳು ಸಹ ಕಂತಿನ ಗಾತ್ರಕ್ಕೆ ಹೆಚ್ಚು ಸ್ಪಂದಿಸುತ್ತವೆಂಬುದು ತಿಳಿದ ಮೇಲೆ, ಕಂತನ್ನು ತುಸು ಹಿಗ್ಗಿಸಿ ಒಟ್ಟು ಪ್ರಮಾಣವನ್ನು ತಗ್ಗಿಸಿದರೆ ರೋಗದ ಮೇಲಿನ ಹಿಡಿತ ಸಡಿಲವಾಗದೆ ದಿನಗಳು ಉಳಿಯುತ್ತವೆಂಬ ತರ್ಕಕ್ಕೆ ಬಲ ಬಂತು.

ಬ್ರಿಟನ್ನಿನ ಸ್ಟಾರ್ಟ್-ಬಿ ಅಧ್ಯಯನವು ಮೂರು ವಾರಗಳಲ್ಲಿ 15 ಕಂತುಗಳ 40 ಗ್ರೇಯನ್ನು ಹಳೆಯ ಪದ್ಧತಿಯೊಡನೆ ಹೋಲಿಸಿತು. 2013ರಲ್ಲಿ ಪ್ರಕಟವಾದ ಅದರ ಹತ್ತು ವರ್ಷಗಳ ಫಲಿತಾಂಶದಲ್ಲಿ ಮೂರು ವಾರದ ಕ್ರಮ ಯಾವ ರೀತಿಯಲ್ಲೂ ಹಿಂದೆ ಬೀಳಲಿಲ್ಲ. ಆದರೆ ಅದರಲ್ಲಿ ಪಾಲ್ಗೊಂಡವರಲ್ಲಿ ಹೆಚ್ಚಿನವರು ಸ್ತನವನ್ನು ಉಳಿಸಿಕೊಂಡವರಾದ್ದರಿಂದ, ಸ್ತನ ತೆಗೆಸಿಕೊಂಡವರ ಮಟ್ಟಿಗೆ ಪ್ರಶ್ನೆ ತೆರೆದೇ ಇತ್ತು. ಅದಕ್ಕೆ ನೇರ ಉತ್ತರ ಕೊಟ್ಟದ್ದು ಬೀಜಿಂಗಿನ ಕ್ಯಾನ್ಸರ್ ಆಸ್ಪತ್ರೆಯ ಅಧ್ಯಯನ. ಸ್ತನ ತೆಗೆದ ನಂತರವೂ ರೋಗ ಮರಳುವ ಅಪಾಯ ಹೆಚ್ಚಿದ್ದ 820 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ 25 ಕಂತುಗಳ 50 ಗ್ರೇ, ಇನ್ನೊಂದಕ್ಕೆ 15 ಕಂತುಗಳ 43.5 ಗ್ರೇ ಕೊಡಲಾಯಿತು. ಐದು ವರ್ಷಗಳಲ್ಲಿ ಎದೆಯ ಭಾಗದಲ್ಲಿ ಅಥವಾ ಸಮೀಪದ ಗ್ರಂಥಿಗಳಲ್ಲಿ ರೋಗ ಮರುಕಳಿಸಿದ್ದು ಮೊದಲ ಗುಂಪಿನಲ್ಲಿ ಶೇ. 8.1, ಎರಡನೆಯದರಲ್ಲಿ ಶೇ. 8.3; ಚರ್ಮ ತೀವ್ರವಾಗಿ ಸುಡುವ ತೊಂದರೆಯಂತೂ ಮೂರು ವಾರದವರಲ್ಲೇ ಕಡಿಮೆಯಿತ್ತು. 2019ರಲ್ಲಿ ಪ್ರಕಟವಾದ ಈ ಅಂಕಿಗಳ ಮುಂದೆ, ಕಡಿಮೆ ದಿನದ ಚಿಕಿತ್ಸೆ ಎಂದರೆ ಅರೆಬರೆ ಚಿಕಿತ್ಸೆ ಎಂಬ ಶಂಕೆ ನಿಲ್ಲುವುದಿಲ್ಲ.

ಒಂದೇ ವಾರದಲ್ಲಿ ಐದು ಕಂತುಗಳ 26 ಗ್ರೇ ಕೊಡುವ ಕ್ರಮವನ್ನು ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನ 4,096 ರೋಗಿಗಳಲ್ಲಿ ಪರೀಕ್ಷಿಸಿ 2020ರಲ್ಲಿ ಒಳ್ಳೆಯ ಫಲಿತಾಂಶವನ್ನೇ ವರದಿ ಮಾಡಿತು. ಅಲ್ಲಿಯೂ ಸ್ತನ ತೆಗೆಸಿಕೊಂಡವರು ಕೆಲವರಷ್ಟೇ ಇದ್ದುದರಿಂದ ಅವರ ವಿಷಯದಲ್ಲಿ ಎಚ್ಚರ ಬೇಕು. ಕೋಲ್ಕತ್ತದ ಟಾಟಾ ಮೆಡಿಕಲ್ ಸೆಂಟರಿನ ನೇತೃತ್ವದ ಹೈಪೋರ್ಟ್ ಅಧ್ಯಯನವು ಅಂಥವರನ್ನೂ ಒಳಗೊಂಡು ಒಂದು ವಾರ ಮತ್ತು ಮೂರು ವಾರಗಳ ಕ್ರಮಗಳನ್ನು ಹೋಲಿಸಲು ರೂಪುಗೊಂಡದ್ದು.

ಭಾರತದಲ್ಲಿ ರೋಗ ಬಲಿತ ಮೇಲೆ ಆಸ್ಪತ್ರೆಗೆ ಬರುವವರು ಹೆಚ್ಚಾಗಿರುವುದರಿಂದ ಸ್ತನ ತೆಗೆಸಿಕೊಳ್ಳಬೇಕಾದವರೂ ಹೆಚ್ಚು. ಚಿಕಿತ್ಸೆಗೆಂದು ಬೀದರಿನಿಂದಲೋ ರಾಯಚೂರಿನಿಂದಲೋ ಬೆಂಗಳೂರಿಗೆ ಬಂದು ತಂಗುವ ಕೂಲಿಕಾರ ಹೆಣ್ಣುಮಗಳಿಗೆ ಎರಡು ವಾರ ಉಳಿಯಿತೆಂದರೆ ಅಷ್ಟು ದಿನದ ಬಾಡಿಗೆ, ಊಟದ ಖರ್ಚು, ಜೊತೆಗೆ ಬಂದವರ ಕೂಲಿ ಎಲ್ಲವೂ ಉಳಿದಂತೆ. ಅದೇ ಯಂತ್ರದಲ್ಲಿ ಸರದಿ ಕಾಯುವವರಿಗೂ ಬೇಗ ದಾರಿ ತೆರೆದಂತೆ. ಆದ್ದರಿಂದ ಸ್ತನ ತೆಗೆಸಿಕೊಂಡವರಿಗೆ ಐದು ವಾರಗಳ ವಿಕಿರಣ ಸೂಚಿಸಿದ್ದರೆ, ಮೂರು ವಾರಗಳ ಕ್ರಮ ತಮಗೆ ಹೊಂದುತ್ತದೆಯೇ, ಹೊಂದದಿದ್ದರೆ ಕಾರಣವೇನು ಎಂದು ರೋಗಿಯೂ ಮನೆಯವರೂ ವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕು.