ಡ್ರೋನ್ ಕ್ಯಾಮೆರಾ ಓರೆಯಾಗಿ ನೋಡುವುದೇಕೆ?

ಸಮುದ್ರದ ಮೇಲೆ ಡ್ರೋನ್ ಹಾರಿಸಿ ಚಿತ್ರ ತೆಗೆದವರಿಗೆ ಗೊತ್ತು, ನೀರು ಮತ್ತು ಆಕಾಶ ಸೇರುವ ಗೆರೆ ಒಂದು ಡಿಗ್ರಿ ವಾಲಿದರೂ ಕಣ್ಣಿಗೆ ಚುಚ್ಚುತ್ತದೆ. 3840 ಪಿಕ್ಸೆಲ್ ಅಗಲದ 4ಕೆ ಚಿತ್ರದಲ್ಲಿ ಒಂದು ಡಿಗ್ರಿ ಓರೆ ಎಂದರೆ ಎರಡು ಅಂಚುಗಳ ನಡುವೆ ಸುಮಾರು 67 ಪಿಕ್ಸೆಲ್‌ಗಳ ಏರುಪೇರು. ಗಿಂಬಲ್ ಕೆಟ್ಟಿತೆಂದು ಸ್ಕ್ರೂಡ್ರೈವರ್ ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಓರೆ ಸದಾ ಇದೆಯೇ, ಬಂದು ಹೋಗುತ್ತದೆಯೇ?

ಡ್ರೋನ್ ಮುಂದೆ ಹೋಗಬೇಕಾದರೆ ಮೂತಿ ತಗ್ಗಿಸಬೇಕು, ಪಕ್ಕಕ್ಕೆ ಸರಿಯಬೇಕಾದರೆ ಆ ಕಡೆಗೆ ವಾಲಬೇಕು. ಒಡಲು ಹೀಗೆ ತೂರಾಡುತ್ತಿದ್ದರೂ ಕ್ಯಾಮೆರಾವನ್ನು ನೆಟ್ಟಗೆ ಹಿಡಿಯುವುದು ಗಿಂಬಲ್‌ನ ಕೆಲಸ. 249 ಗ್ರಾಂ ತೂಕದ ಡಿಜೆಐ ಮಿನಿ 2ರಂಥ ಪುಟ್ಟ ಡ್ರೋನ್‌ನಲ್ಲೂ ಇದಕ್ಕಾಗಿ ಮೂರು ಮೋಟಾರುಗಳಿವೆ. ಅವು ರೆಕ್ಕೆಯ ಮೋಟಾರುಗಳಂತೆ ಗಿರಗಿರ ತಿರುಗುವುದಿಲ್ಲ. ಬೇಕಾದಷ್ಟೇ ಡಿಗ್ರಿ ಹೊರಳಿ ಅಲ್ಲೇ ಬಿಗಿಯಾಗಿ ನಿಲ್ಲುತ್ತವೆ.

ಎಷ್ಟು ಹೊರಳಬೇಕೆಂದು ಹೇಳುವುದು ಎರಡು ಸೆನ್ಸರ್‌ಗಳು. ಗೈರೋಸ್ಕೋಪ್ ಎಷ್ಟು ವೇಗವಾಗಿ ತಿರುಗುತ್ತಿದ್ದೇವೆಂದು ತಿಳಿಸುತ್ತದೆ. ಅದು ಚುರುಕು, ಆದರೆ ಅದರ ಸಣ್ಣ ತಪ್ಪುಗಳು ಹೊತ್ತು ಕಳೆದಂತೆ ಒಟ್ಟುಗೂಡುತ್ತವೆ. ಆಕ್ಸಿಲರೋಮೀಟರ್ ಗುರುತ್ವದ ಎಳೆತವನ್ನು ಗಮನಿಸಿ ಕೆಳಗೆ ಯಾವ ಕಡೆ ಎಂದು ತೋರಿಸುತ್ತದೆ. ಆದರೆ ಅದಕ್ಕೆ ಗುರುತ್ವ ಯಾವುದು, ಡ್ರೋನ್‌ನ ಸ್ವಂತ ವೇಗೋತ್ಕರ್ಷ ಯಾವುದು ಎಂದು ಬೇರ್ಪಡಿಸಲು ಬಾರದು. ಬಸ್ಸು ತಿರುವಿನಲ್ಲಿ ಹೊರಳುವಾಗ ಚಾಲಕನ ಮುಂದೆ ತೂಗುವ ಹೂಮಾಲೆ ಹೊರಗಡೆಗೆ ವಾಲುವುದಿಲ್ಲವೇ? ಸೆನ್ಸರ್ ಮೋಸಹೋಗುವುದು ಹಾಗೆಯೇ.

ಲೆಕ್ಕ ಹಾಕಿ ನೋಡಿ. 50 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಸುತ್ತುವ ಡ್ರೋನ್‌ಗೆ ಪಕ್ಕದ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 2 ಮೀಟರ್. ಇಷ್ಟು ಸಾಕು, ಆಕ್ಸಿಲರೋಮೀಟರ್ ತೋರಿಸುವ ‘ಕೆಳಗೆ’ 11 ಡಿಗ್ರಿಗೂ ಹೆಚ್ಚು ವಾಲುತ್ತದೆ. ಕ್ಷಣಕಾಲದ ತಿರುವುಗಳಲ್ಲಿ ತಂತ್ರಾಂಶ ಗೈರೋವನ್ನೇ ಹೆಚ್ಚು ನಂಬುವುದರಿಂದ ತೊಂದರೆಯಿಲ್ಲ. ಹೆಚ್ಚು ಹೊತ್ತು ಸುತ್ತಿದಷ್ಟೂ ತಪ್ಪು ಒಳಸೇರುತ್ತದೆ. ಒಂದೆಡೆ ನಿಂತು ಹಾರಿದೊಡನೆ ದಿಗಂತ ಮೆಲ್ಲನೆ ನೇರವಾದರೆ ಅದು ಕೆಡುಕಲ್ಲ.

ಜೋರು ಗಾಳಿಯಲ್ಲಿ ಅಥವಾ ಸ್ಪೋರ್ಟ್ ಮೋಡ್‌ನಲ್ಲಿ ಮಾತ್ರ ಓರೆ ಕಂಡರೆ ಕಾರಣ ಬೇರೆ. ಮಿನಿ 2 ಹಾರಾಟದಲ್ಲಿ 40 ಡಿಗ್ರಿವರೆಗೆ ವಾಲಬಲ್ಲದು; ಅದರ ಗಿಂಬಲ್ ಪಕ್ಕಕ್ಕೆ ಹೊರಳುವ ಮಿತಿ 35 ಡಿಗ್ರಿ. ಉಳಿದ ವಾಲಿಕೆ ನೇರವಾಗಿ ಚಿತ್ರಕ್ಕೆ ಬರುತ್ತದೆ.

ನೆಲದ ಮೇಲೂ, ಗಾಳಿಯಲ್ಲೂ ಓರೆ ಒಂದೇ ಅಳತೆಯಲ್ಲಿ ಉಳಿದರೆ ಆಗ ಗಿಂಬಲ್‌ನತ್ತ ಗಮನ ಕೊಡಿ. ಮೊದಲು ಡ್ರೋನ್ ಆಫ್ ಮಾಡಿ, ರಕ್ಷಾಕವಚ ತೆಗೆದಿದ್ದೀರಾ, ಮೋಟಾರಿನ ಸಂದಿಯಲ್ಲಿ ಮರಳು ಸಿಕ್ಕಿದೆಯೇ, ರಬ್ಬರ್ ಬೆಂಬಲಗಳಲ್ಲಿ ಯಾವುದಾದರೂ ಕಳಚಿದೆಯೇ ನೋಡಿ. ಆಮೇಲೆ ರಸಮಟ್ಟ ಇಟ್ಟು ಖಚಿತಪಡಿಸಿಕೊಂಡ ಸಮತಟ್ಟಾದ ಜಾಗದಲ್ಲಿ ಡ್ರೋನ್ ಇರಿಸಿ, ಆ್ಯಪ್‌ನಲ್ಲಿರುವ ಗಿಂಬಲ್ ಕ್ಯಾಲಿಬ್ರೇಷನ್ ನಡೆಸಿ. ವಾಲಿದ ಮೇಜಿನ ಮೇಲೆ ಮಾಡಿದ ಕ್ಯಾಲಿಬ್ರೇಷನ್ ತಪ್ಪನ್ನೇ ಸರಿಯೆಂದು ಯಂತ್ರಕ್ಕೆ ಕಲಿಸಿಬಿಡಬಹುದು. ಇಷ್ಟಾದರೂ ಒಂದೆರಡು ಡಿಗ್ರಿ ಉಳಿದರೆ ಆ್ಯಪ್‌ನ ಮ್ಯಾನುಯಲ್ ಹೊಂದಾಣಿಕೆ ಇದೆ.

ಡ್ರೋನ್ ಬಿದ್ದ ಮೇಲೆ ಶುರುವಾದ ಓರೆಗೆ ಇನ್ನೊಂದು ಪರೀಕ್ಷೆ ಉಂಟು. ರೆಕ್ಕೆಗಳನ್ನು ಕಳಚಿ, ಆನ್ ಮಾಡಿ, ಕೈಯಲ್ಲಿ ಹಿಡಿದು ನಿಧಾನವಾಗಿ ಎಡಕ್ಕೂ ಬಲಕ್ಕೂ ವಾಲಿಸಿ. ಗಿಂಬಲ್‌ನ ತೋಳು ಕೊಂಚ ಬಾಗಿದ್ದರೆ ಮೋಟಾರು ಅದನ್ನು ಸರಿದೂಗಿಸಲು ನೋಡುತ್ತದೆ, ಆದರೆ ಒಂದು ಬದಿಯಲ್ಲಿ ಬೇಗನೆ ಸೋಲುತ್ತದೆ. ಕ್ಯಾಮೆರಾ ಜೋತುಬಿದ್ದು ಅಲ್ಲಾಡದಿದ್ದರೆ ಪಟ್ಟಿಯಂಥ ತೆಳು ಕೇಬಲ್ ಹರಿದಿರಬಹುದು. ಈ ಎರಡು ಸಂದರ್ಭಗಳಲ್ಲಿ ಕ್ಯಾಲಿಬ್ರೇಷನ್‌ನಿಂದ ಪ್ರಯೋಜನವಿಲ್ಲ, ರಿಪೇರಿಯವರ ಬಳಿ ಹೋಗುವುದೇ ಸರಿ. ಉಳಿದೆಲ್ಲ ಸಂದರ್ಭಗಳಲ್ಲಿ ಸಮತಟ್ಟಾದ ನೆಲ ಮತ್ತು ಸ್ವಲ್ಪ ತಾಳ್ಮೆ ಇದ್ದರೆ, ಸ್ಕ್ರೂ ಬಿಚ್ಚುವ ಪ್ರಮೇಯವೇ ಬರುವುದಿಲ್ಲ.