ವಡೆಯ ಮೇಲೆ ಎರಡು ದಾರ

ಉದ್ದಿನ ವಡೆಯೊಂದನ್ನು ಕಣ್ಣಮುಂದೆ ತಂದುಕೊಳ್ಳಿ. ಒಳಗಿನ ಹಿಟ್ಟು ಬೇಡ, ಹೊರಮೈ ಸಾಕು. ಕೆಂಪು ದಾರವೊಂದನ್ನು ತೂತಿನಲ್ಲಿ ತೂರಿಸಿ, ಹೊರಗಿನಿಂದ ಬಳಸಿ ತಂದು ಗಂಟು ಹಾಕಿ. ನೀಲಿ ದಾರವೊಂದನ್ನು ತೂತಿನ ಸುತ್ತ ಬಳೆಯಂತೆ ಇಡಿ. ಮೈ ಬಿಟ್ಟು ಏಳದಂತೆ ಎಷ್ಟು ಜಾರಿಸಿದರೂ ಇವೆರಡೂ ಕುಗ್ಗಿ ಚುಕ್ಕಿಯಾಗಲಾರವು. ಇಂಥ ಸುತ್ತುಗಳ ಲೆಕ್ಕವೇ ಹೋಮಾಲಜಿ.

ಈಗ ಮೂರನೆಯ ದಾರವೊಂದು ಹೇಗೆ ಹೇಗೋ ಅಲೆದು ಹೊರಟಲ್ಲಿಗೇ ಮರಳಿತೆನ್ನಿ. ಅದು ತೂತನ್ನು ಎಷ್ಟು ಬಾರಿ ಸುತ್ತಿತು? ಕೆಂಪು ದಾರಕ್ಕೊಂದು ದಿಕ್ಕು ಗೊತ್ತುಮಾಡಿ. ಅದನ್ನು ಎಡದಿಂದ ಬಲಕ್ಕೆ ದಾಟಿದಾಗಲೆಲ್ಲ ಒಂದನ್ನು ಕೂಡಿ, ಬಲದಿಂದ ಎಡಕ್ಕೆ ದಾಟಿದರೆ ಕಳೆಯಿರಿ. ಅದೇ ಉತ್ತರ. ಅಂದರೆ ಕೆಂಪು ದಾರ ತಾನೊಂದು ಸುತ್ತು, ಬೇರೆ ಸುತ್ತುಗಳಿಗೆ ಅಳತೆಗೋಲು ಕೂಡ. ಇಂಥ ಅಳತೆಗೋಲುಗಳ ಲೆಕ್ಕ ಕೋಹೋಮಾಲಜಿ. 1935ರಲ್ಲಿ ಮಾಸ್ಕೋ ಸಮ್ಮೇಳನವೊಂದರಲ್ಲಿ ಅಮೆರಿಕದ ಅಲೆಕ್ಸಾಂಡರ್ ಮತ್ತು ರಷ್ಯದ ಕೊಲ್ಮೊಗೊರೊವ್ ಬೇರೆ ಬೇರೆಯಾಗಿ ಇದನ್ನು ಮಂಡಿಸಿದರು.

ಸುತ್ತಿಗೊಂದು ಅಳತೆ, ಅಳತೆಗೊಂದು ಸುತ್ತು: ಈ ಜೋಡಿ ಸಂಬಂಧದ ಬೀಜವನ್ನು ಫ್ರಾನ್ಸಿನ ಆನ್ರಿ ಪ್ವಾಂಕರೆ 1895ರಲ್ಲೇ ಬಿತ್ತಿದ್ದರು. ಆದರೆ ಅವರ ಸಾಧನೆಯಲ್ಲಿ ಬಿರುಕಿದೆಯೆಂದು ಡೆನ್ಮಾರ್ಕಿನ ಹೀಗಾರ್ಡ್ 1898ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಪ್ವಾಂಕರೆ 1899ರಲ್ಲಿ ಹೊಸ ದಾರಿ ಹಿಡಿದರು. ಆ ದಾರಿ ಘನಾಕೃತಿಯೊಂದರಲ್ಲೇ ಕಾಣುತ್ತದೆ. ಅದರ 6 ಮುಖಗಳ ನಡುವೆ ಒಂದೊಂದು ಚುಕ್ಕಿಯಿಟ್ಟು ನೆರೆಯ ಚುಕ್ಕಿಗಳನ್ನು ಜೋಡಿಸಿ. ಎಂಟು ಮುಖದ ಆಕೃತಿ ಬರುತ್ತದೆ. ಮುಖಗಳು ಮೂಲೆಗಳಾದವು, 8 ಮೂಲೆಗಳು ಮುಖಗಳಾದವು, 12 ಅಂಚುಗಳು 12 ಆಗಿಯೇ ಉಳಿದವು. ಮೈ ಒಂದೇ, ಲೆಕ್ಕ ಮಾತ್ರ ತಿರುಗುಮುರುಗು! ಆದ್ದರಿಂದಲೇ ವಡೆಯ ಮೈಯ ಲೆಕ್ಕ 1, 2, 1: ಒಂದು ತುಂಡು, ಎರಡು ಸುತ್ತು, ಒಂದು ಪೂರ್ಣ ಮೈ. ಯಾವ ಕಡೆಯಿಂದ ಓದಿದರೂ ಒಂದೇ.

ಇದಕ್ಕೊಂದು ಷರತ್ತಿದೆ. ಕಾಗದದ ಪಟ್ಟಿಗೆ ಅರ್ಧ ತಿರುಚು ಕೊಟ್ಟು ತುದಿಗಳನ್ನು ಅಂಟಿಸಿ. ಅದರ ಮೇಲೆ ಒಂದು ಸುತ್ತು ಬಂದರೆ ಎಡವು ಬಲವಾಗಿರುತ್ತದೆ. ಇಂಥ ಪಟ್ಟಿಯನ್ನು ಒಡಲಲ್ಲಿಟ್ಟುಕೊಂಡ ಕ್ಲೈನ್ ಸೀಸೆಯ ಮೇಲೆ ಕೂಡುವುದೆಲ್ಲಿ, ಕಳೆಯುವುದೆಲ್ಲಿ? ಅದರ ಲೆಕ್ಕ 1, 1, 0, ಜೋಡಿ ಮುರಿಯಿತು. ದಾಟಿದ್ದು ಸಮ ಸಲವೋ ಬೆಸ ಸಲವೋ ಎಂದಷ್ಟೇ ಕೇಳಿದರೆ ಮತ್ತೆ 1, 2, 1 ಬರುತ್ತದೆ. ಎಡಬಲಗಳ ಒಪ್ಪಂದ ಇಡೀ ಮೈಗೆ ಒಂದೇ ಆಗಿದ್ದರೆ ಮಾತ್ರ ಪೂರ್ಣ ಲೆಕ್ಕ ಕೂಡಿಬರುತ್ತದೆ.